ವಿಕ್ರೋಲಿಗೆ ಬಂದ ತಾಯಿ

ಮುಂಬಯಿಯ ಮಧ್ಯ ರೈಲ್ವೆಯ ಲೋಕಲ್ ಗಾಡಿಗಳಲ್ಲಿ ನಿತ್ಯವೂ ಓಡಾಡುವ ನಮ್ಮ ಕನ್ನಡ ಬಾಂಧವರಿಗೆ ವಿಕ್ರೋಲಿ ಹೊಸ ಹೆಸರಲ್ಲ. ಘಾಟಕೋಪರವನ್ನು ದಾಟಿದ ಮೇಲೆ, ಕಾಂಜೂರಮಾರ್ಗಕ್ಕೆ ಮೊದಲು ಬರುವ ಈ ನಿಲ್ದಾಣದಲ್ಲಿ ಇಳಿದು ಹತ್ತುವವರಲ್ಲಿ ದಕ್ಷಿಣ ಕನ್ನಡದವರೂ ಇದ್ದಾರೆ, ಧಾರವಾಡ ವಿಜಾಪುರಗಳ ಕಡೆಯವರೂ ಇದ್ದಾರೆ. ಇದೇ ವಿಕ್ರೋಲಿಯ ಗೋದ್ರೇಜ್ ಕಾರ್ಮಿಕ ವಸತಿಯ ಚಿಕಿತ್ಸಾಲಯವೊಂದರಲ್ಲಿ 1966ರಿಂದ 1968ರವರೆಗೆ ಅರವತ್ತೆಂಟು ದಾಟಿದ ಅಮೇರಿಕದ ವಿಧವೆಯೊಬ್ಬರು ದಾದಿಯಾಗಿ ದುಡಿದರು ಎಂಬ ಸಂಗತಿ ಮಾತ್ರ ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರ ಹೆಸರು ಲಿಲಿಯನ್ ಕಾರ್ಟರ್. ಮುಂದೆ ಅಮೇರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ.

ಈ ವಿಷಯವನ್ನು ಆರೋಗ್ಯದ ಲೇಖನಗಳ ನಡುವೆ ಏಕೆ ಎತ್ತಿಕೊಂಡೆನೆಂದು ವಾಚಕರು ಕೇಳಬಹುದು. ವೈದ್ಯವೃತ್ತಿಯಲ್ಲಿ ಬಹುಕಾಲ ಕಳೆದ ನನ್ನ ಬಳಿಗೆ ನಿವೃತ್ತರಾದ ನಮ್ಮವರು ಆಗಾಗ ಬರುತ್ತಾರೆ. ರಕ್ತದೊತ್ತಡ, ಮಧುಮೇಹ, ಮೊಣಕಾಲು ನೋವು ಇವೆಲ್ಲವನ್ನೂ ಹೇಳಿಕೊಂಡು ಆದ ಮೇಲೆ, ಚೀಟಿ ಕೈಗೆ ತೆಗೆದುಕೊಂಡು ಏಳುವಾಗ, ಅವರ ಬಾಯಿಂದ ಒಂದು ಮಾತು ಬರುತ್ತದೆ: “ಮಕ್ಕಳೆಲ್ಲ ಒಂದು ದಡ ಸೇರಿದರು ಡಾಕ್ಟ್ರೇ. ಇನ್ನು ನಮ್ಮದೇನಿದೆ? ಹೀಗೇ ದಿನ ದೂಡುವುದು.” ಈ ಮಾತಿಗೆ ಕೊಡುವ ಗುಳಿಗೆ ನನ್ನಲ್ಲಿಲ್ಲ. ಆದರೆ ಹೇಳುವ ಕತೆಯೊಂದಿದೆ.

ಊರಿನ ದಾದಿ

ಲಿಲಿಯನ್ ಗಾರ್ಡಿ ಹುಟ್ಟಿದ್ದು 1898ನೆಯ ಆಗಸ್ಟ್ 15ರಂದು, ಅಮೇರಿಕದ ದಕ್ಷಿಣದ ಜಾರ್ಜಿಯಾ ರಾಜ್ಯದ ರಿಚ್‌ಲೆಂಡ್ ಎಂಬ ಸಣ್ಣ ಊರಿನಲ್ಲಿ. ಪ್ಲೇನ್ಸ್ ಎಂಬ ಹತ್ತಿರದ ಊರಿನ ಆಸ್ಪತ್ರೆಯಲ್ಲಿ ದಾದಿಯ ಕೆಲಸ ಕಲಿಯತೊಡಗಿ, ಅಟ್ಲಾಂಟಾ ನಗರದಲ್ಲಿ ಶಿಕ್ಷಣ ಮುಗಿಸಿ, 1923ರಲ್ಲಿ ಅರ್ಲ್ ಕಾರ್ಟರ್ ಎಂಬ ರೈತ ವ್ಯಾಪಾರಿಯನ್ನು ವಿವಾಹವಾದರು. ಮರುವರ್ಷ ಅಕ್ಟೋಬರ್ 1ರಂದು ಹಿರಿಯ ಮಗ ಜಿಮ್ಮಿ ಜನಿಸಿದ. ಆ ಕಾಲದಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ತಾಯಿ ದಾದಿಯಾಗಿದ್ದ ಕಾರಣ ಜಿಮ್ಮಿಯ ಜನನ ಆಸ್ಪತ್ರೆಯಲ್ಲಾಯಿತು. ಆಸ್ಪತ್ರೆಯಲ್ಲಿ ಹುಟ್ಟಿದ ಮೊದಲ ಅಮೇರಿಕದ ಅಧ್ಯಕ್ಷರು ಅವರೇ. ಬಳಿಕ ಗ್ಲೋರಿಯಾ, ರೂತ್ ಎಂಬ ಇಬ್ಬರು ಹೆಣ್ಣುಮಕ್ಕಳೂ ಬಿಲ್ಲಿ ಎಂಬ ಕಿರಿಯ ಮಗನೂ ಹುಟ್ಟಿದರು.

ಜಾರ್ಜಿಯಾದಲ್ಲಿ ಆಗ ವರ್ಣಭೇದದ ಕಟ್ಟು ಬಲವಾಗಿತ್ತು. ಕರಿಯರು ಬಿಳಿಯರ ಮನೆಗೆ ಮುಂಬಾಗಿಲಿನಿಂದ ಬರುವಂತಿರಲಿಲ್ಲ. ಆದರೆ ಲಿಲಿಯನ್ ಅವರು ನೆರೆಯ ಕರಿಯ ಕೂಲಿಕಾರರ ಗುಡಿಸಲುಗಳಿಗೆ ತಾವಾಗಿಯೇ ಹೋಗಿ ಶುಶ್ರೂಷೆ ಮಾಡುತ್ತಿದ್ದರು. ಅನೇಕ ಸಲ ಬಿಡಿಕಾಸೂ ಪಡೆಯುತ್ತಿರಲಿಲ್ಲ. ಅಕ್ಕಪಕ್ಕದವರು ಆಡಿಕೊಂಡದ್ದುಂಟು. ಅವರು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

1953ರಲ್ಲಿ ಪತಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಲಿಲಿಯನ್ ಅವರಿಗೆ ಐವತ್ತೈದು ತುಂಬುವುದಿತ್ತು. ಜಮೀನು ಮತ್ತು ನೆಲಗಡಲೆಯ ವ್ಯಾಪಾರವನ್ನು ನೋಡಿಕೊಳ್ಳಲು ನೌಕಾದಳದ ಕೆಲಸ ಬಿಟ್ಟು ಜಿಮ್ಮಿ ಊರಿಗೆ ಮರಳಿದರು. ತಾಯಿಗೆ ಉಣ್ಣಲು ಉಡಲು ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಕೆಲಸಕ್ಕೆ. ಮನೆಯಲ್ಲಿ ಸುಮ್ಮನೆ ಕೂಡಲಾರದೆ ಅವರು ಆಬರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ವಸತಿಗೃಹವೊಂದರಲ್ಲಿ ಕೆಲವು ವರ್ಷ ಮೇಲ್ವಿಚಾರಕಿಯಾಗಿದ್ದರು; ಅನಂತರ ವೃದ್ಧರ ಶುಶ್ರೂಷಾಲಯವೊಂದನ್ನು ನಡೆಸಿದರು. ಅದೂ ಮುಗಿಯಿತು. ಮಕ್ಕಳು ತಮ್ಮ ತಮ್ಮ ಸಂಸಾರಗಳಲ್ಲಿ ಮುಳುಗಿದ್ದರು. ನನ್ನ ರೋಗಿಗಳು ಆಡುವ ಆ ಮಾತನ್ನು ಜಾರ್ಜಿಯಾದ ಆ ತಾಯಿಯೂ ಮನಸ್ಸಿನಲ್ಲಿ ಆಡಿಕೊಂಡಿರಲು ಸಾಕು.

ವಯಸ್ಸು ಅಡ್ಡಿಯಲ್ಲ

1961ರಲ್ಲಿ ಅಧ್ಯಕ್ಷ ಕೆನೆಡಿಯವರು ‘ಪೀಸ್ ಕೋರ್’ ಎಂಬ ಶಾಂತಿದಳವನ್ನು ಸ್ಥಾಪಿಸಿದ್ದರು. ಅಮೇರಿಕದ ಪ್ರಜೆಗಳು ಎರಡು ವರ್ಷ ಕಾಲ ಪರದೇಶದಲ್ಲಿ, ಅಲ್ಲಿನ ಜನರ ನಡುವೆಯೇ ಇದ್ದು, ಹೊಟ್ಟೆಬಟ್ಟೆಗೆ ಸಾಕಾಗುವಷ್ಟು ಭತ್ಯೆಯಲ್ಲಿ ಸೇವೆ ಸಲ್ಲಿಸುವುದು ಇದರ ಕ್ರಮ. ಸೇರುತ್ತಿದ್ದವರು ಹೆಚ್ಚಾಗಿ ಕಾಲೇಜು ಮುಗಿಸಿದ ತರುಣರು. 1966ರಲ್ಲಿ ಒಂದು ದಿನ ಲಿಲಿಯನ್ ಅವರು ದೂರದರ್ಶನದಲ್ಲಿ ಈ ದಳದ ಪ್ರಕಟಣೆಯೊಂದನ್ನು ಕಂಡರು. ವಯಸ್ಸು ಇದಕ್ಕೆ ಅಡ್ಡಿಯಲ್ಲ ಎಂದು ಅದರಲ್ಲಿತ್ತು. ಅವರು ಅರ್ಜಿ ಬರೆದು ಹಾಕಿಯೇ ಬಿಟ್ಟರು. ದಾದಿಯರ ಅಗತ್ಯವಿರುವ, ಬೆಚ್ಚನೆಯ ಹವೆಯ, ಕಪ್ಪು ಮೈಬಣ್ಣದ ಜನರಿರುವ ದೇಶಕ್ಕೆ ಕಳುಹಿಸಿರೆಂಬುದು ಅವರ ಕೋರಿಕೆಯಾಗಿತ್ತು.

ಆಗ ಅವರು ಯಾವ ಅಧ್ಯಕ್ಷನ ತಾಯಿಯೂ ಅಲ್ಲ. ಮಗ ಜಿಮ್ಮಿ ಅದೇ ವರ್ಷ ಜಾರ್ಜಿಯಾದ ರಾಜ್ಯಪಾಲ ಪದವಿಗೆ ಸ್ಪರ್ಧಿಸಿ, ಪಕ್ಷದೊಳಗಿನ ಚುನಾವಣೆಯಲ್ಲೇ ಸೋತಿದ್ದರು. ವೈದ್ಯಕೀಯ ಪರೀಕ್ಷೆ, ಮನೋವೈದ್ಯರ ಸಂದರ್ಶನ, ಬಳಿಕ ಶಿಕಾಗೋ ನಗರದಲ್ಲಿ ಸುಮಾರು ಮೂರು ತಿಂಗಳ ತರಬೇತಿ, ಇಷ್ಟನ್ನು ಮುಗಿಸಿ ಅವರು ಭಾರತಕ್ಕೆ ಹೊರಟರು. ಮೊಮ್ಮಕ್ಕಳನ್ನು ಆಡಿಸಬೇಕಾದ ವಯಸ್ಸಿನಲ್ಲಿ ಪರಭಾಷೆಯ ಪಾಠ ಕಲಿಯುವುದು ಸುಲಭದ ಮಾತಲ್ಲ. ಊರು ಬಿಟ್ಟು ಊರಿಗೆ ಬಂದು, ಅಂಗಡಿಯಲ್ಲಿ ಮರಾಠಿ ತಡವರಿಸುತ್ತ ಮೊದಲ ದಿನಗಳನ್ನು ಕಳೆದ ನಮಗೆ ಇದು ಚೆನ್ನಾಗಿ ಗೊತ್ತು.

1966 ನಮ್ಮ ದೇಶಕ್ಕೂ ಕಷ್ಟದ ವರ್ಷ. ಬಿಹಾರದಲ್ಲಿ ಬರ, ಜೂನ್ ತಿಂಗಳಲ್ಲಿ ರೂಪಾಯಿಯ ಅಪಮೌಲ್ಯ, ರೇಷನ್ ಅಂಗಡಿಗಳ ಮುಂದೆ ಅಮೇರಿಕದ ಗೋಧಿಗಾಗಿ ಸಾಲು. ಜನಸಂಖ್ಯೆಯ ಚಿಂತೆಯಿಂದ ಸರಕಾರ ಕುಟುಂಬ ಯೋಜನೆಯನ್ನು ಭರದಿಂದ ನಡೆಸುತ್ತಿತ್ತು. ಲಿಲಿಯನ್ ಅವರಿಗೆ ವಿಕ್ರೋಲಿಯಲ್ಲಿ ಮೊದಲು ದೊರೆತದ್ದು ಈ ಕುಟುಂಬ ಯೋಜನೆಯ ಕೆಲಸವೇ. ಅದು ಅವರ ಮನಸ್ಸಿಗೆ ಹಿಡಿಸಲಿಲ್ಲ. ರೋಗಿಯ ಬಳಿ ಕುಳಿತು ಮಾಡುವ ಶುಶ್ರೂಷೆ ಅವರ ವಿದ್ಯೆ. ಕ್ರಮೇಣ ಅವರು ಕಾರ್ಮಿಕ ವಸತಿಯ ಚಿಕಿತ್ಸಾಲಯದ ಕೆಲಸಕ್ಕೆ ಬಂದರು. ಅಲ್ಲಿ ಬೆಳಗಿನಿಂದ ರೋಗಿಗಳ ಸಾಲು ತಪ್ಪುತ್ತಿರಲಿಲ್ಲ.

ಕೈ ಹಿಂದೆಗೆದ ದಿನ

ಸೇವಾವ್ರತಿಗಳ ಚರಿತ್ರೆಯನ್ನು ಬರೆಯುವಾಗ ಅವರನ್ನು ಹುಟ್ಟಿನಿಂದಲೇ ದೇವತೆಗಳನ್ನಾಗಿ ಚಿತ್ರಿಸುವ ಅಭ್ಯಾಸ ನಮ್ಮಲ್ಲುಂಟು. ಲಿಲಿಯನ್ ಅವರ ವಿಷಯದಲ್ಲಿ ಹಾಗೆ ಮಾಡುವುದು ಅನ್ಯಾಯ. ಏಕೆಂದರೆ ತಮ್ಮ ದೌರ್ಬಲ್ಯವನ್ನು ಅವರು ಮಕ್ಕಳಿಂದ ಮುಚ್ಚಿಡಲಿಲ್ಲ.

ಒಂದು ದಿನ ಚಿಕಿತ್ಸಾಲಯಕ್ಕೆ ಕುಷ್ಠರೋಗ ತಗುಲಿದ ಪುಟ್ಟ ಹುಡುಗಿಯೊಬ್ಬಳು ಬಂದಳು. ಅವಳನ್ನು ಕಂಡೊಡನೆ ಲಿಲಿಯನ್ ಅವರು ದೂರ ಸರಿದರು. ವೈದ್ಯರು ಮಾತ್ರ ಆ ಹುಡುಗಿಯ ಚಿಕಿತ್ಸೆಯನ್ನು ಅವರಿಗೇ ಒಪ್ಪಿಸಿದರು. ಬೇರೆ ದಾರಿಯಿಲ್ಲದೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಅವಸರವಸರವಾಗಿ ಚುಚ್ಚುಮದ್ದು ಕೊಟ್ಟು ಹೊರಗೆ ನಡೆದರು. ಅನಂತರ ಒಬ್ಬರೇ ಇರುವಲ್ಲಿಗೆ ಹೋಗಿ, ಚರ್ಮ ಕೆಂಪಾಗುವ ತನಕ ಮೈ ತಿಕ್ಕಿ ತಿಕ್ಕಿ ತೊಳೆದುಕೊಂಡರು. ಜಾರ್ಜಿಯಾದಲ್ಲಿ ಯಾರೂ ಮುಟ್ಟದವರನ್ನು ಮುಟ್ಟಿ ಉಪಚರಿಸಿದ್ದ ಕೈಗಳೇ ಇಲ್ಲಿ ಹಿಂದೆಗೆದವು. ಭಯವೆಂಬುದು ಎಲ್ಲಿ ಅಡಗಿರುತ್ತದೆಂದು ಮನುಷ್ಯನಿಗೆ ಮೊದಲೇ ತಿಳಿಯುವುದಿಲ್ಲ.

ಆದರೆ ವಾರವಾರವೂ ಆ ಹುಡುಗಿ ಬರುತ್ತಿದ್ದಳು. ವಾರವಾರವೂ ಚಿಕಿತ್ಸೆ ಮಾಡಲೇಬೇಕಾಗಿತ್ತು. ಅಂಜುತ್ತಲೇ ಮಾಡಿದರು. ಔಷಧ ತನ್ನ ಕೆಲಸ ಮಾಡಿತು, ಹುಣ್ಣುಗಳು ಮಾಯತೊಡಗಿದವು. ಹುಡುಗಿಯ ಕಣ್ಣುಗಳಲ್ಲಿ ಇವರ ಮೇಲಿನ ನಂಬಿಕೆ ಕಾಣತೊಡಗಿತು. ಇಬ್ಬರೂ ನಾಲ್ಕು ಮರಾಠಿ ಮಾತಾಡಿಕೊಳ್ಳುವಷ್ಟು, ಕೈ ಕೈ ಹಿಡಿದುಕೊಳ್ಳುವಷ್ಟು ಸಲಿಗೆ ಬೆಳೆಯಿತು. ಕೊನೆಗೊಂದು ದಿನ ಲಿಲಿಯನ್ ಅವರು ಆ ಮಗುವಿಗೆ ಮುತ್ತು ಕೊಟ್ಟರು. ಆಗ ತಮಗೆ ಮೈಲಿಗೆಯ ಭಾವನೆ ಬರಲಿಲ್ಲ ಎಂಬುದನ್ನು ಅವರು ನೆನೆಯುತ್ತಿದ್ದರು. ಈ ಪ್ರಸಂಗವನ್ನು ಜಿಮ್ಮಿ ಕಾರ್ಟರ್ ಅವರು 1995ರಲ್ಲಿ ಪ್ರಕಟವಾದ ತಮ್ಮ ಕವನ ಸಂಗ್ರಹದಲ್ಲಿ ತಾಯಿಯ ಮಾತಾಗಿ ನಿರೂಪಿಸಿದ್ದಾರೆ.

ಈ ಪರಿವರ್ತನೆ ಯಾವ ಉಪದೇಶದಿಂದಲೂ ಆದದ್ದಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಮೊದಲು ಭಯ ಹೋಗಿ ಆಮೇಲೆ ಕೈ ಮುಂದೆ ಬಂದದ್ದಲ್ಲ. ಕೈ ಮೊದಲು ಕೆಲಸ ಮಾಡಿತು. ಮನಸ್ಸು ಅದರ ಹಿಂದೆ ನಿಧಾನವಾಗಿ ಬಂದಿತು.

ಕುಷ್ಠರೋಗದ ಕುರಿತು ಒಂದೆರಡು ಮಾತು

ಸಂದರ್ಭ ಬಂದುದರಿಂದ ವೈದ್ಯನಾಗಿ ಕೆಲವು ವಿಷಯಗಳನ್ನು ಹೇಳುವುದು ನನ್ನ ಕರ್ತವ್ಯ. ಕುಷ್ಠರೋಗಕ್ಕೆ ಕಾರಣವಾದ ರೋಗಾಣುವನ್ನು ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯರು 1873ರಲ್ಲಿ ಕಂಡುಹಿಡಿದರು. ಇದು ಪೂರ್ವಜನ್ಮದ ಪಾಪವಲ್ಲ, ಶಾಪವಲ್ಲ, ವಂಶಪಾರಂಪರ್ಯವಾಗಿ ಬರುವ ರೋಗವೂ ಅಲ್ಲ. ಚಿಕಿತ್ಸೆ ಪಡೆಯದ ರೋಗಿಯ ಮೂಗು ಬಾಯಿಗಳಿಂದ ಹೊರಡುವ ತುಂತುರಿನ ಮೂಲಕ, ಬಹುಕಾಲದ ನಿಕಟ ಸಹವಾಸದಲ್ಲಿ ಮಾತ್ರ ಹರಡುತ್ತದೆ. ಕೈ ಕುಲುಕುವುದರಿಂದ, ಪಕ್ಕದಲ್ಲಿ ಕುಳಿತು ಊಟ ಮಾಡುವುದರಿಂದ ಅಂಟುವುದಿಲ್ಲ. ಬಹುಪಾಲು ಜನರಲ್ಲಿ ಇದನ್ನು ತಡೆಯುವ ಶಕ್ತಿ ಸ್ವಾಭಾವಿಕವಾಗಿಯೇ ಇರುತ್ತದೆ.

ಲಿಲಿಯನ್ ಅವರ ಕಾಲದಲ್ಲಿ ಡ್ಯಾಪ್ಸೋನ್ ಎಂಬ ಒಂದೇ ಔಷಧವನ್ನು ವರ್ಷಗಟ್ಟಲೆ ನುಂಗಬೇಕಾಗಿತ್ತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಔಷಧಗಳನ್ನು ಕೂಡಿಸಿ ಕೊಡುವ ಕ್ರಮವನ್ನು ಶಿಫಾರಸು ಮಾಡಿತು. ರೋಗದ ಬಗೆಯನ್ನು ಅನುಸರಿಸಿ ಆರು ತಿಂಗಳು ಅಥವಾ ಹನ್ನೆರಡು ತಿಂಗಳು ಔಷಧ ಸೇವಿಸಿದರೆ ಗುಣವಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಚಿಕಿತ್ಸೆ ಆರಂಭವಾದ ಸ್ವಲ್ಪ ಕಾಲದಲ್ಲೇ ರೋಗಿಯಿಂದ ಇತರರಿಗೆ ಸೋಂಕು ತಗಲುವ ಭಯ ಇಲ್ಲವಾಗುತ್ತದೆ.

ಮೈಮೇಲೆ ಬಣ್ಣ ಮಾಸಿದ ಅಥವಾ ಕೆಂಪಾದ ಮಚ್ಚೆ ಕಂಡು, ಅಲ್ಲಿ ಸ್ಪರ್ಶಜ್ಞಾನ ಇಲ್ಲದಿದ್ದರೆ, ಬಿಸಿ ತಣ್ಣಗೆಗಳು ತಿಳಿಯದಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ತೊನ್ನು ಬೇರೆ, ಇದು ಬೇರೆ. ತೊನ್ನಿನ ಬಿಳಿಯ ಕಲೆಯಲ್ಲಿ ಸ್ಪರ್ಶಜ್ಞಾನ ಎಂದಿನಂತೆಯೇ ಇರುತ್ತದೆ. ಅದು ಅಂಟುರೋಗವೂ ಅಲ್ಲ. ಮದುವೆಯ ಮಾತುಕತೆಗಳಲ್ಲಿ ಇವೆರಡನ್ನೂ ಒಂದೇ ಎಂದು ಬಗೆದು ಎಷ್ಟೋ ಹೆಣ್ಣುಮಕ್ಕಳ ಬಾಳು ಕೆಟ್ಟಿದೆ.

ರೋಗಾಣುವನ್ನು ಔಷಧ ಕೊಲ್ಲುತ್ತದೆ; ಸಮಾಜದ ಭಯವನ್ನು ಕೊಲ್ಲುವ ಔಷಧವಿಲ್ಲ. ರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿ ಇಡಲು ಅವಕಾಶ ಕೊಡುವ ಕಾಯಿದೆಯೊಂದು ನಮ್ಮ ದೇಶದಲ್ಲಿ 1898ರಲ್ಲಿ, ಅಂದರೆ ಲಿಲಿಯನ್ ಅವರು ಹುಟ್ಟಿದ ವರ್ಷವೇ ಜಾರಿಗೆ ಬಂದಿತ್ತು. ಅದು ರದ್ದಾದದ್ದು 2016ರಲ್ಲಿ. ಕುಷ್ಠರೋಗವನ್ನು ವಿವಾಹವಿಚ್ಛೇದನಕ್ಕೆ ಕಾರಣವೆಂದು ಮುಂದೊಡ್ಡುವ ಅವಕಾಶವನ್ನು ಕಾನೂನಿನಿಂದ ತೆಗೆದದ್ದು 2019ರಲ್ಲಿ.

ಕೊಡುವುದು, ಕೊಳ್ಳುವುದು

ವಿಕ್ರೋಲಿಯಲ್ಲಿ ಲಿಲಿಯನ್ ಅವರ ಜೀವನ ಬಡತನದ್ದೇ ಆಗಿತ್ತು. ಭತ್ಯೆ ಸ್ವಲ್ಪ, ಊಟ ಹಿಡಿಸದು, ಬಿಸಿಲು, ಮಳೆಗಾಲದ ಕೆಸರು, ಮನೆಯ ನೆನಪು. ಬೇಸ್‌ಬಾಲ್ ಆಟವನ್ನೂ ಮೀನು ಹಿಡಿಯುವುದನ್ನೂ ಬಹಳವಾಗಿ ಪ್ರೀತಿಸುತ್ತಿದ್ದ ಅವರಿಗೆ ಇಲ್ಲಿ ಉಳಿದ ಸುಖವೆಂದರೆ ಊರಿನ ಕಾಗದಗಳು. ಅವರು ಮಕ್ಕಳಿಗೆ ಬರೆದ ಕಾಗದಗಳನ್ನು ಮಗಳು ಗ್ಲೋರಿಯಾ ಕೂಡಿಸಿ, 1977ರಲ್ಲಿ ‘ಅವೇ ಫ್ರಮ್ ಹೋಮ್’ ಎಂಬ ಪುಸ್ತಕವಾಗಿ ಪ್ರಕಟಿಸಿದರು.

ವಸತಿಯ ತೋಟಗಾರನೊಬ್ಬನು ಅವರಿಗೆ ತರಕಾರಿಯನ್ನೂ ಹೂವನ್ನೂ ತಂದುಕೊಡುತ್ತಿದ್ದನು. ಕೊಡಲು ಇವರ ಕೈಯಲ್ಲಿ ಹಣವಿರಲಿಲ್ಲ. ಅದಕ್ಕೆ ಬದಲಾಗಿ ಅವನ ಪುಟ್ಟ ಮಗಳಿಗೆ ಓದುಬರಹ ಕಲಿಸುತ್ತಿದ್ದರು. ಪರದೇಶಕ್ಕೆ ಕೊಡಲೆಂದು ಬಂದವರು ಹೀಗೆ ಕೊಳ್ಳುವುದನ್ನೂ ಕಲಿತರು. ದಾನ ಮಾಡುವವನಿಗೆ ತಾನು ದೊಡ್ಡವನೆಂಬ ಗರ್ವ ಬರುವುದು ಸಹಜ. ಒಬ್ಬ ತೋಟಗಾರನ ಕೈಯಿಂದ ಸೊಪ್ಪಿನ ಕಟ್ಟನ್ನು ಪಡೆದವರಿಗೆ ಆ ಗರ್ವ ಉಳಿಯಲಾರದು.

1968ನೆಯ ಆಗಸ್ಟ್ 15. ನಮಗೆ ಸ್ವಾತಂತ್ರ್ಯ ದಿನ. ಲಿಲಿಯನ್ ಅವರಿಗೆ ಎಪ್ಪತ್ತು ತುಂಬಿದ ದಿನ. ಅಂದು ಅವರು ಮಕ್ಕಳಿಗೆ ಕಾಗದ ಬರೆದರು. ತನ್ನವರೂ ತನ್ನ ವಸ್ತುಗಳೂ ಇಲ್ಲದ ಈ ದೂರದ ಮೂಲೆಯಲ್ಲಿ ಬದುಕಿನ ನಿಜವಾದ ಅರ್ಥ ತನಗೆ ತಿಳಿಯಿತೆಂಬುದು ಅದರ ಸಾರ. ನಮ್ಮ ಹಿರಿಯರು ವಾನಪ್ರಸ್ಥವೆಂದು ಕರೆದ ಆಶ್ರಮಕ್ಕೆ ಕಾಡೇ ಆಗಬೇಕೆಂದಿಲ್ಲ. ಲಿಲಿಯನ್ ಅವರಿಗೆ ಅದು ಕಾರ್ಖಾನೆಯ ಹೊಗೆಗೊಳವೆಗಳ ನಡುವೆ ದೊರೆಯಿತು.

ಸುಮಾರು 21 ತಿಂಗಳ ಸೇವೆಯನ್ನು ಮುಗಿಸಿ ಅದೇ ವರ್ಷ ಸ್ವದೇಶಕ್ಕೆ ಮರಳಿದಾಗ ಅವರು ಬಹಳ ಇಳಿದುಹೋಗಿದ್ದರು. ಚೇತರಿಸಿಕೊಂಡ ಮೇಲೆ ಸುಮ್ಮನಿರಲಿಲ್ಲ. ಜಾರ್ಜಿಯಾದ ಊರೂರುಗಳಲ್ಲಿ ನೂರಾರು ಸಭೆಗಳಲ್ಲಿ ಭಾರತದ ಅನುಭವವನ್ನು ಹೇಳಿದರು. 1977ರಲ್ಲಿ ಮಗ ಅಧ್ಯಕ್ಷರಾದರು. ಅದೇ ಫೆಬ್ರವರಿಯಲ್ಲಿ ನಮ್ಮ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ನಿಧನರಾದಾಗ ಅಮೇರಿಕದ ನಿಯೋಗದ ನಾಯಕಿಯಾಗಿ ಬಂದವರು ಲಿಲಿಯನ್ ಅವರೇ. ಆ ಸಲ ವಿಕ್ರೋಲಿಗೂ ಹೋಗಿ ಹಳೆಯ ಸ್ನೇಹಿತರನ್ನು ಕಂಡುಬಂದರು. 1983ನೆಯ ಅಕ್ಟೋಬರ್ 30ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು. ಐವತ್ತು ದಾಟಿದ ಮೇಲೆ ಶಾಂತಿದಳದಲ್ಲಿ ದುಡಿದವರಿಗೆ ಅವರ ಹೆಸರಿನ ಪ್ರಶಸ್ತಿಯೊಂದು 1986ರಲ್ಲಿ ಸ್ಥಾಪಿತವಾಯಿತು.

ಮಗನ ಕೈಗೆ ಬಂದ ಆಸ್ತಿ

ತಾಯಿಯ ಬದುಕು ತಮ್ಮ ಮೇಲೆ ಬೀರಿದ ಪ್ರಭಾವವನ್ನು ಜಿಮ್ಮಿ ಕಾರ್ಟರ್ ಅವರು 2008ರಲ್ಲಿ ಆಕೆಯನ್ನು ಕುರಿತೇ ಬರೆದ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. 1981ರಲ್ಲಿ ಅಧಿಕಾರ ಬಿಟ್ಟಾಗ ಅವರಿಗೆ ಐವತ್ತಾರು. ಅವರು ಸ್ಥಾಪಿಸಿದ ಕಾರ್ಟರ್ ಸೆಂಟರ್ 1986ರಿಂದ ಒಂದು ರೋಗದ ಬೆನ್ನು ಹತ್ತಿತು. ಅದೇ ನಾರುಹುಣ್ಣು.

ಉತ್ತರ ಕರ್ನಾಟಕದ ಹಿರಿಯರಿಗೆ ಈ ಹೆಸರು ಮರೆತಿರಲಾರದು. ಮೆಟ್ಟಿಲುಬಾವಿಯಲ್ಲಿ ಕಾಲಿಟ್ಟು ನೀರು ತುಂಬುವಾಗ ರೋಗಿಯ ಕಾಲಿನ ಹುಣ್ಣಿನಿಂದ ಹುಳುವಿನ ಮರಿಗಳು ನೀರನ್ನು ಸೇರುತ್ತವೆ. ನೀರಿನಲ್ಲಿರುವ ಸಣ್ಣ ಜೀವಿಗಳು ಅವನ್ನು ತಿನ್ನುತ್ತವೆ. ಆ ನೀರನ್ನು ಸೋಸದೆ ಕುಡಿದವರ ಮೈಯಲ್ಲಿ ಅವು ಬೆಳೆದು, ವರ್ಷದ ಬಳಿಕ ದಾರದಂತಹ ಉದ್ದನೆಯ ಹುಳುವಾಗಿ ಚರ್ಮವನ್ನು ಸೀಳಿ ಹೊರಬರುತ್ತವೆ. ಇದಕ್ಕೆ ಔಷಧವೂ ಇಲ್ಲ, ಲಸಿಕೆಯೂ ಇಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ರೋಗಿ ನೀರಿಗಿಳಿಯದಂತೆ ತಡೆಯುವುದು, ಬಾವಿಗಳನ್ನು ಸುರಕ್ಷಿತಗೊಳಿಸುವುದು, ಇಷ್ಟೇ ಉಪಾಯ. ನಮ್ಮ ಸರಕಾರದ ಆರೋಗ್ಯ ಕಾರ್ಯಕರ್ತರು ಹಳ್ಳಿಹಳ್ಳಿ ತಿರುಗಿ ದುಡಿದುದರಿಂದ 1996ರ ಬಳಿಕ ಭಾರತದಲ್ಲಿ ಹೊಸ ರೋಗಿ ಕಾಣಲಿಲ್ಲ. 2000ದಲ್ಲಿ ದೇಶ ಈ ರೋಗದಿಂದ ಮುಕ್ತವೆಂದು ಘೋಷಿತವಾಯಿತು. 1986ರಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರನ್ನು ಪೀಡಿಸುತ್ತಿದ್ದ ಈ ರೋಗ 2024ರಲ್ಲಿ ಕೇವಲ 15 ಜನರಲ್ಲಿ ಕಂಡುಬಂದಿತು. ಆ ವರ್ಷದ ಡಿಸೆಂಬರ್ 29ರಂದು ಜಿಮ್ಮಿ ಕಾರ್ಟರ್ ಅವರು ನೂರನೆಯ ವಯಸ್ಸಿನಲ್ಲಿ ನಿಧನರಾದರು. ತಾಯಿಯಿಂದ ಮಗನಿಗೆ ಬರುವ ಆಸ್ತಿ ಹೊಲಮನೆ ಮಾತ್ರವೇ ಅಲ್ಲ.

ನಮ್ಮ ಪಾಲಿನ ಕೆಲಸ

ಪರದೇಶದಿಂದ ಬಂದು ನಮ್ಮವರ ಹುಣ್ಣು ತೊಳೆದವರಲ್ಲಿ ಲಿಲಿಯನ್ ಅವರು ಮೊದಲಿಗರಲ್ಲ. ಜರ್ಮನಿಯ ಪಾದ್ರಿ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧ ಹಂಚತೊಡಗಿ, ಕುಷ್ಠರೋಗಿಗಳಿಗೂ ಆಸರೆಯಾದದ್ದು ಕರಾವಳಿಯವರಿಗೆಲ್ಲ ಗೊತ್ತು. ಆದರೆ ಲಿಲಿಯನ್ ಅವರ ಕತೆ ನನಗೆ ಹೆಚ್ಚು ಹತ್ತಿರವೆನಿಸುವುದು ಅವರು ಸಂಸಾರಸ್ಥರು, ನಮ್ಮ ನಿಮ್ಮ ಮನೆಗಳ ಅಜ್ಜಿಯಂಥವರು ಎಂಬುದರಿಂದ.

ಎಲ್ಲರೂ ಸಮುದ್ರ ದಾಟಿ ಹೋಗಬೇಕೆಂದು ನಾನು ಹೇಳುವುದಿಲ್ಲ. ಹೋಗುವವರು ಮೊದಲು ಹೃದಯ, ರಕ್ತದೊತ್ತಡ, ಸಕ್ಕರೆಗಳ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಮಾತ್ರ ಹೇಳುತ್ತೇನೆ. ಮಹಾನಗರದಲ್ಲಿರುವ ನಾವು ಒಂದು ರೀತಿಯಲ್ಲಿ ಈಗಾಗಲೇ ಪರಸ್ಥಳದಲ್ಲಿ ಇರುವವರು. ಊರಿನಿಂದ ಬಂದ ರೋಗಿ ದೊಡ್ಡ ಆಸ್ಪತ್ರೆಯ ಮೊಗಸಾಲೆಯಲ್ಲಿ ಭಾಷೆ ತಿಳಿಯದೆ ಕಂಗಾಲಾಗಿ ಕುಳಿತಿರುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಯಾವ ಕಿಟಕಿಯಲ್ಲಿ ಚೀಟಿ ಮಾಡಿಸಬೇಕು, ವೈದ್ಯರು ಹೇಳಿದ್ದೇನು, ಗುಳಿಗೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕನ್ನಡದಲ್ಲಿ ಹೇಳುವ ಒಬ್ಬರು ಅಲ್ಲಿದ್ದರೆ ಅರ್ಧ ರೋಗ ವಾಸಿಯಾದಂತೆ. ನಿವೃತ್ತರಾದ ನಮ್ಮ ಹಿರಿಯರು ವಾರಕ್ಕೊಂದು ದಿನ ಈ ಕೆಲಸಕ್ಕೆ ನಿಂತರೆ ಸಾಕು. ಸಂಘವು ಅಂಥವರ ಹೆಸರುಗಳನ್ನು ಬರೆದುಕೊಂಡು, ಆಸ್ಪತ್ರೆಗಳೊಡನೆ ಮಾತನಾಡಿ ಏರ್ಪಾಡು ಮಾಡಬಹುದು.

ಈಚೆಗೆ ಒಬ್ಬ ಹಿರಿಯರು ನನ್ನಲ್ಲಿ ಬಂದು ಅದೇ ಹಳೆಯ ಮಾತನ್ನು ಆಡಿದರು. ನಾನು ವಿಕ್ರೋಲಿಯ ಈ ಕತೆಯನ್ನು ಅವರಿಗೆ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಅಮ್ಮನಿಗೆ ಮೊಣಕಾಲು ನೋವು ಇರಲಿಲ್ಲವೋ?” ಎಂದು ಕೇಳಿದರು. “ಇದ್ದಿರಬಹುದು ರಾಯರೇ, ಕೇಳಲು ಹೊತ್ತು ಸಿಕ್ಕಿರಲಿಕ್ಕಿಲ್ಲ” ಎಂದೆ. ಅವರು ನಕ್ಕರು. ಮುಂದಿನ ತಿಂಗಳು ಬಂದಾಗ, ಬುಧವಾರ ಬೇಡ, ಬುಧವಾರ ತಾನು ಆಸ್ಪತ್ರೆಯ ಕೆಲಸಕ್ಕೆ ಹೋಗುವುದಿದೆ, ಬೇರೆ ದಿನ ಕೊಡಿ ಎಂದರು.